ಖಳನಾಯಕನ ದೂರು ಅರ್ಜಿ

ಆ ಬೀದಿಯ ಔಷಧಿ ಅಂಗಡಿಯವನಿಗೆ ಜನ ಇಟ್ಟ ಹೆಸರು ಸಿಹಿಗುಳಿಗೆ. ಕಹಿ ಮಾತ್ರೆ ಕೊಡುವಾಗ ತೆಗೆದುಕೊಳ್ಳುವವರಿಗಿಂತ ಮೊದಲು ತಾನೇ ಮುಖ ಹಿಂಡುವ ಮನುಷ್ಯ. ಇಂಥವನು ಕೊಲೆಯ ಕಾದಂಬರಿ ಬರೆಯುತ್ತಾನೆ ಎಂದರೆ ಕೇಳಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಆದರೂ ಬರೆದಿದ್ದ, ಒಂದಲ್ಲ ಎರಡಲ್ಲ, ಹನ್ನೊಂದು. ಅವುಗಳಲ್ಲಿ ಎಂಟರ ಕೊಲೆಗಾರರು ವಿಷ ಹಾಕುವವರೇ. ಪಾಪ, ಅವನಿಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಹನ್ನೆರಡನೆಯದು ಕೈಕೊಟ್ಟಿತು. ಅದರ ಖಳನಾಯಕ ಒಬ್ಬ ಸಂಗೀತದ ಮೇಷ್ಟ್ರು. ತನ್ನ ಅತ್ಯುತ್ತಮ ಶಿಷ್ಯೆಗೆ ದಿನಾ ಬೆಚ್ಚಗಿನ ನೀರಿನಲ್ಲಿ ಏನೋ ಬೆರೆಸಿ ಕೊಟ್ಟು ಅವಳ ಕಂಠ ಹಾಳುಮಾಡುವವನು. ಪ್ರಕಾಶನದ ಸಂಪಾದಕಿ ಹಸ್ತಪ್ರತಿಯನ್ನು ಎರಡು ಸಲ ವಾಪಸ್ ಕಳಿಸಿದ್ದಳು. ಮೂರನೇ ಸಲ ಫೋನೇ ಮಾಡಿದಳು.

“ಸರ್, ಮೇಷ್ಟ್ರು ಕೆಟ್ಟೋರು ಅಂತ ನೀವು ಹೇಳ್ತಾನೇ ಇದ್ದೀರಿ. ನನಗೆ ಮಾತ್ರ ಅವರನ್ನ ಕಂಡ್ರೆ ಭಯಾನೂ ಆಗಲ್ಲ, ಅಯ್ಯೋ ಅಂತಾನೂ ಅನ್ಸಲ್ಲ.”

ತಿಂಗಳ ಕೊನೆಯೊಳಗೆ ಮೇಷ್ಟ್ರಿಗೆ ಜೀವ ಬರದಿದ್ದರೆ ಅವನ ಪುಸ್ತಕಗಳ ಮಾಲಿಕೆಯನ್ನೇ ನಿಲ್ಲಿಸುವುದೆಂದು ಮೇಲಿನವರು ತೀರ್ಮಾನಿಸಿದ್ದಾರೆ ಎಂದಳು. ಬರವಣಿಗೆಯೊಂದು ಹೋದರೆ ತಾನು ಡಾಕ್ಟರುಗಳ ಕೋಳಿಕಾಲಿನ ಅಕ್ಷರ ಓದುವ ಯಂತ್ರವಷ್ಟೇ ಎಂದು ಅವನಿಗೆ ಗೊತ್ತಿತ್ತು.

ಯಂತ್ರವೆಂದ ಮೇಲೆ ನೆನಪಾಯಿತು. ಸಂಪಾದಕಿಯೇ ಎಐ ಬಳಸಿ ನೋಡಿ ಎಂದಿದ್ದಳು. ಒಬ್ಬ ಖಳನಾಯಕ ಬೇಕು ಎಂದು ಲ್ಯಾಪ್‌ಟಾಪಿನಲ್ಲಿ ಕೇಳಿದ. ಕೆನ್ನೆಯ ಮೇಲೆ ಗಾಯದ ಗುರುತು, ಕಪ್ಪು ಕೋಟು, ಗಹಗಹಿಸುವ ನಗು ಎಲ್ಲ ಬಂತು. ಇನ್ನೂ ಕ್ರೂರವಾಗಿರಲಿ ಎಂದ. ಮೇಷ್ಟ್ರು ಎರಡನೇ ಪ್ಯಾರಾ ಮುಗಿಯುವುದರೊಳಗೆ ಮೂವರನ್ನು ಮುಗಿಸಿಬಿಟ್ಟ. ಒಂದು ಕಾರಣ ಕೊಡು ಎಂದ. ಬಾಲ್ಯದಲ್ಲಿ ಅಪ್ಪ ಹೊಡೆಯುತ್ತಿದ್ದ ಎಂದಿತು. ಬೇರೆ ಕಾರಣ ಎಂದರೆ ಅಪ್ಪನ ಬದಲು ಚಿಕ್ಕಪ್ಪ ಬಂದು ಹೊಡೆದ. ಯಂತ್ರದ ತಪ್ಪೇನೂ ಇರಲಿಲ್ಲ, ಕೇಳಿದ್ದನ್ನು ಕೇಳಿದ ಹಾಗೆ ಕೊಡುತ್ತಿತ್ತು.

ಅವನ ಹೆಂಡತಿ ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವವಳು. ಇಪ್ಪತ್ತೈದು ವರ್ಷದಿಂದ ಊರಿನ ಬೈಗುಳವೆಲ್ಲ ಅವಳ ಕಿವಿಗೆ. ಒಮ್ಮೆ ನಲ್ಲಿಯಲ್ಲಿ ನೀರು ಬಂದರೆ ಸಾಕು, ಉಳಿದ ಗುಮಾಸ್ತರು ಅರ್ಜಿಗೆ ‘ಪರಿಹಾರವಾಗಿದೆ’ ಎಂಬ ಮುದ್ರೆ ಒತ್ತಿ ಕೈತೊಳೆದುಕೊಳ್ಳುತ್ತಿದ್ದರು. ಇವಳು ಹಾಗಲ್ಲ. ಎರಡನೇ ಸಲವೂ ಬಂತೇ ಎಂದು ಫೋನ್ ಮಾಡಿ ವಿಚಾರಿಸಿಯೇ ಒತ್ತುವವಳು. ಮನೆಯಲ್ಲಿ ಮಾತು ಕಡಿಮೆ. ಸಾಹಿತ್ಯಕ್ಕೂ ಇವಳಿಗೂ ದೂರವೆಂದು ಅವನು ಮದುವೆಯಾದ ಹೊಸದರಲ್ಲೇ ತೀರ್ಮಾನಿಸಿಬಿಟ್ಟಿದ್ದ. ಅಚ್ಚಾದ ಪುಸ್ತಕವನ್ನು ನೆರೆಹೊರೆಯವರಿಗೆ ಕೊಟ್ಟ ಹಾಗೆ ಇವಳಿಗೂ ಒಂದು ಕೊಡುತ್ತಿದ್ದ. ಅವಳು ಅದಕ್ಕೆ ಕಾಗದದ ಹೊದಿಕೆ ಹಾಕಿ ಬೀರುವಿನಲ್ಲಿಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅವನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದಾಗ, ಅವಳು ಪಾತ್ರೆ ತೊಳೆದ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದು ನಿಂತಳು. ಪರದೆಯ ಮೇಲಿದ್ದುದನ್ನು ಪೂರ್ತಿ ಓದಿದಳು.

“ಏನಾಯ್ತು ಅಂತ ಇವರನ್ನ ಯಾರೂ ಕೇಳೇ ಇಲ್ವಲ್ಲ,” ಎಂದಳು. “ಸ್ವಲ್ಪ ಸರೀರಿ.”

ಅವನು ಸರಿದು ಕುಳಿತ. ಬೇರೆ ದಾರಿ ಇರಲಿಲ್ಲ. ನೀನು ಆ ಮೇಷ್ಟ್ರು, ನಾನು ಕೌಂಟರಿನವಳು, ನನ್ನ ಹತ್ತಿರ ದೂರು ಕೊಡಲು ಬಂದಿದ್ದೀ ಎಂದು ಯಂತ್ರಕ್ಕೆ ಹೇಳಿ, ನಿಮ್ಮ ದೂರೇನು ಎಂದು ಎರಡೇ ಬೆರಳಲ್ಲಿ ಟೈಪ್ ಮಾಡಿದಳು. ಈ ಲೋಕ ನನಗೆ ಅನ್ಯಾಯ ಮಾಡಿದೆ ಎಂದು ಮೇಷ್ಟ್ರು ಗುಡುಗಿದ. ಲೋಕದ ಮೇಲೆ ದೂರು ತೆಗೆದುಕೊಳ್ಳುವುದಿಲ್ಲ, ಯಾವ ದಿನ, ಎಷ್ಟು ಹೊತ್ತಿಗೆ, ಯಾರಿಂದ ಎಂದು ತಿಳಿಸಿ ಎಂದಳು. ಮೇಷ್ಟ್ರು ತುಸು ಇಳಿದ. ಶಿಷ್ಯೆಯ ಮೊದಲ ಸಂಗೀತ ಕಚೇರಿಯ ದಿನ, ಸಂಜೆ ಆರೂವರೆಗೆ ಎಂದ. ಅವಳು ವೇದಿಕೆಯಿಂದ ಗುರುಗಳ ಹೆಸರು ಹೇಳಿದಳಂತೆ. ಎದ್ದು ನಿಲ್ಲಿ ಎಂದರಂತೆ, ನಿಂತನಂತೆ. ಆಮೇಲೆ ಎಂದು ಕೇಳಿದಳು. ಚಪ್ಪಾಳೆ ಹೊಡೆದರು, ಕುಳಿತೆ ಎಂದ. ಜೇಬಿನಲ್ಲಿ ಏನಿತ್ತು ಎಂದಳು.

ಗಂಡ ಅವಳ ಮುಖ ನೋಡಿದ. ಇಂಥ ಪ್ರಶ್ನೆ ಅವನಿಗೆ ಏಳು ಜನ್ಮದಲ್ಲೂ ಹೊಳೆಯುತ್ತಿರಲಿಲ್ಲ.

ಒಂದು ಹಾಡು ಬರೆದಿಟ್ಟುಕೊಂಡ ಚೀಟಿ ಇತ್ತು ಎಂದ ಮೇಷ್ಟ್ರು. ವೇದಿಕೆಗೆ ಕರೆಯಬಹುದೆಂದು ತಂದಿದ್ದೆ ಎಂದ.

ಕೊನೆಗೆ ಅವಳು ಅರ್ಜಿಯ ಕಡೆಯ ಕಲಮಿಗೆ ಬಂದಳು: ಕೋರುವ ಪರಿಹಾರ. ಎಲ್ಲರೂ ನಾಶವಾಗಬೇಕು ಎಂದಿತು ಯಂತ್ರ. ಅದು ನಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ, ಆಗುವಂಥದ್ದನ್ನು ಬರೆಯಿರಿ ಎಂದು ಟೈಪ್ ಮಾಡಿ ಕೈಕಟ್ಟಿ ಕುಳಿತಳು. ಉತ್ತರ ಒಂದೇ ಸಾಲಿನಲ್ಲಿ ಬಂತು. ‘ಒಮ್ಮೆ ಯಾರಾದರೂ, ನೀವೂ ಒಂದು ಹಾಡಿ ಅನ್ನಬೇಕಿತ್ತು.’

ಸಿಹಿಗುಳಿಗೆ ಆ ಸಾಲನ್ನು ಎರಡು ಸಲ ಓದಿದ.

“ಕೂಗಾಡೋರು ಹತ್ತು ನಿಮಿಷದಲ್ಲಿ ಸುಸ್ತಾಗ್ತಾರೆ ರೀ,” ಎಂದಳು ಹೆಂಡತಿ. “ಕಾಗದಗಳನ್ನ ತಾರೀಖಿನ ಪ್ರಕಾರ ಜೋಡಿಸ್ಕೊಂಡು ಬಂದು, ಮೆತ್ತಗೆ ಮಾತಾಡಿ, ಥ್ಯಾಂಕ್ಸ್ ಹೇಳಿ ಹೋಗೋರು ಇರ್ತಾರಲ್ಲ, ನನಗೆ ಭಯ ಆಗೋದು ಅವರನ್ನ ಕಂಡ್ರೆ. ನಿಮ್ಮ ಮೇಷ್ಟ್ರು ಅಂಥೋರು. ಆ ನೀರನ್ನ ಒಂದು ಹನಿ ಮಣಿಕಟ್ಟಿನ ಮೇಲೆ ಹಾಕ್ಕೊಂಡು ನೋಡೇ ಕೊಡ್ತಾರೆ. ಹುಡುಗಿ ಗಂಟಲು ಸುಡಬಾರದಲ್ಲ.”

ಇಷ್ಟು ಹೇಳಿ, ಒಣಗಿದ ಬಟ್ಟೆ ತರಲು ಮಹಡಿಗೆ ಹೋದಳು. ಅವನು ಅವಳ ಮಾತನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡ. ಮನೆಯಲ್ಲಿ ಇಂಥ ಬುದ್ಧಿಯೊಂದನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಮುಂದಿನ ಹನ್ನೆರಡು ದಿನ ಯಂತ್ರವನ್ನು ಮುಚ್ಚಿಟ್ಟು ತಾನೇ ಬರೆದ. ಪ್ರತಿ ಅಧ್ಯಾಯವನ್ನೂ ಅವಳ ಮುಂದಿಟ್ಟು, ನೀನೂ ಓದಿ ನೋಡು ಎಂದ. ಮೊದಲ ಸಲ ಹಾಗೆಂದಾಗ ಅವಳು ಪೆನ್ಸಿಲ್ ಹುಡುಕಿಕೊಂಡು ಬಂದಿದ್ದಳು.

ತಿಂಗಳ ಕೊನೆಯ ದಿನ ಸಂಪಾದಕಿಯ ಫೋನ್ ಬಂತು. ಹಸ್ತಪ್ರತಿ ಓದುವಾಗ ಪಕ್ಕದಲ್ಲಿ ಬಿಸಿನೀರಿನ ಲೋಟವಿತ್ತಂತೆ, ಕುಡಿಯಲಾಗದೆ ಚೆಲ್ಲಿದಳಂತೆ. ಮೇಷ್ಟ್ರಿಗಾಗಿ ಅತ್ತೆನೆಂದೂ ಹೇಳಿದಳು. ಮಾಲಿಕೆ ಉಳಿಯಿತು.

ಅಂಗಡಿಯ ಬಾಗಿಲೆಳೆದು ಅವನು ನೆಟ್ಟಗೆ ನೀರಿನ ಕಚೇರಿಗೆ ನಡೆದ. ಕೌಂಟರಿನ ಮುಂದೆ ಸಾಲಿತ್ತು, ಅವನೂ ನಿಂತ. ಮುಂದಿದ್ದವನೊಬ್ಬ ಗಾಜು ಅದುರುವ ಹಾಗೆ ಕೂಗುತ್ತಿದ್ದ. ಅವಳು ಯಾವ ದಿನದಿಂದ ಎಂದಷ್ಟೇ ಕೇಳಿದಳು. ಕೂಗುತ್ತಿದ್ದವನು ದಿನ ಲೆಕ್ಕ ಹಾಕತೊಡಗಿದ, ದನಿ ತಾನಾಗಿ ಇಳಿಯಿತು. ಇಷ್ಟು ವರ್ಷ ಒಮ್ಮೆಯೂ ಇಲ್ಲಿ ಬಂದು ಇದನ್ನು ನೋಡಲಿಲ್ಲವಲ್ಲ ಎಂದು ಸಿಹಿಗುಳಿಗೆ ಕಣ್ತುಂಬ ನೋಡಿದ.

ತನ್ನ ಸರದಿ ಬಂದಾಗ ಸುದ್ದಿ ಹೇಳಿದ. ಅವಳ ಮುಖ ಅರಳಿತು. ಆಮೇಲೆ ಕೆಳಗಿನ ಖಾನೆ ಎಳೆದು, ಅಂಚು ಹಳದಿಯಾದ ಒಂದು ಅರ್ಜಿಯನ್ನು ಕಿಂಡಿಯಲ್ಲಿ ಈಚೆ ತಳ್ಳಿದಳು. ಅವಳದೇ ದುಂಡು ಅಕ್ಷರ. ತಾರೀಖು ಹದಿನೆಂಟು ವರ್ಷ ಹಿಂದಿನದು, ಅವನ ಎರಡನೇ ಪುಸ್ತಕ ಬಂದ ವಾರದ್ದು. ದೂರುದಾರರು: ಹೆಂಡತಿ. ಯಾರ ಮೇಲೆ: ಗಂಡ. ವಿವರ: ಊರೆಲ್ಲ ಓದಿದ ಮೇಲೆ ನನ್ನ ಕೈಗೆ ಕೊಡುತ್ತಾರೆ. ಕೋರುವ ಪರಿಹಾರ: ಒಮ್ಮೆ, ನೀನೂ ಓದಿ ನೋಡು ಅನ್ನಬೇಕು.

ಮೇಷ್ಟ್ರ ಬಾಯಲ್ಲಿ ಆ ಕೊನೆಯ ಮಾತು ಯಂತ್ರ ತಾನಾಗಿ ಆಡಿದ್ದೆಂದು ಅವನು ತಿಳಿದಿದ್ದ. ಅದನ್ನು ಅಲ್ಲಿಯವರೆಗೆ ಕೈಹಿಡಿದು ನಡೆಸಿದವಳಿಗೆ ದಾರಿ ಮೊದಲೇ ಗೊತ್ತಿತ್ತು. ಇದಕ್ಕೆ ಮುದ್ರೆ ಒತ್ತಬಹುದಲ್ಲ ಈಗ ಎಂದು ಮೆಲ್ಲಗೆ ಕೇಳಿದ.

ಅವಳು ಅರ್ಜಿಯನ್ನು ವಾಪಸ್ ತೆಗೆದುಕೊಂಡು ಖಾನೆಯಲ್ಲಿಟ್ಟಳು.

“ಒಂದು ಸಲ ನೀರು ಬಂತು ಅಂತ ನಾನು ದೂರು ಮುಗಿಸಲ್ಲ ರೀ. ಹದಿಮೂರನೇದೂ ಬರಲಿ,” ಎಂದಳು. “ಈಗ ಸರೀರಿ, ಹಿಂದೆ ಜನ ಇದ್ದಾರೆ.”