ಬಾವಿಯ ರಾತ್ರಿ ಪಾಳಿ

ಸಂಜೆ ಆರೂಕಾಲಿಗೆ ಬಾಲಗಾಂವದ ಬಂದೇನವಾಜ ಡೀಸೆಲ್ ಎಂಜಿನ್ ಚಾಲೂ ಮಾಡಿದ. ಪೈಪಿನಿಂದ ನೀರು ಬರಲಿಲ್ಲ. ಬಾವಿಗೆ ಬಗ್ಗಿ ನೋಡಿದರೆ ಪೈಪಿನ ತುದಿ ಕೆಸರಿನ ಮೇಲೆ ನೇತಾಡುತ್ತಿತ್ತು. ಎಂಜಿನ್ ಬಂದ್ ಮಾಡಿ ಕಟ್ಟೆಯ ಮೇಲೆ ಕುಳಿತ. ಸಿಟ್ಟು ಬರಬೇಕಿತ್ತು, ಅದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

ಬಾವಿ ಎರಡು ಮನೆಗಳದು. ಹಗಲಿನ ನೀರು ಮುರಗೆಪ್ಪನ ಮನೆತನಕ್ಕೆ, ರಾತ್ರಿಯದು ಬಂದೇನವಾಜನ ಮನೆತನಕ್ಕೆ ಎಂದು ಅಜ್ಜಂದಿರು ಬಾವಿಯ ನೀರು ಮುಟ್ಟಿ ಮಾತು ಕೊಟ್ಟುಕೊಂಡಿದ್ದರು. ರಾತ್ರಿ ಬಿಟ್ಟ ನೀರು ಬಿಸಿಲಿಗೆ ಆರುವುದಿಲ್ಲ, ದೂರ ಹರಿಯುತ್ತದೆ. ಅದಕ್ಕೇ ಬಂದೇನವಾಜನ ಅಜ್ಜ ಹಟ ಹಿಡಿದು ಅದನ್ನು ಪಡೆದಿದ್ದ. ಮುಂದೆ ಎರಡೂ ಮನೆಗೆ ಎಂಜಿನ್ ಬಂದವು. ಡೀಸೆಲ್ ತುಟ್ಟಿಯಾದ್ದರಿಂದ ಸಾಕಷ್ಟು ನೀರು ಹಾಯಿಸಿದ ಮೇಲೆ ಯಾರೂ ಎಂಜಿನ್ ಓಡಿಸುತ್ತಿರಲಿಲ್ಲ. ಬಾವಿಯಲ್ಲಿ ಇನ್ನೊಬ್ಬನ ಪಾಲು ಉಳಿಯುತ್ತಿದ್ದುದು ಡೀಸೆಲ್ಲಿನ ಬೆಲೆಯಿಂದ.

ಈ ವರ್ಷ ಇಬ್ಬರೂ ಸೇರಿ ಸೌರ ಪಂಪ್ ಹಾಕಿಸಿದರು. ಬಂದೇನವಾಜನ ಹೆಂಡತಿ ಇಸ್ಮತ ಎರಡೂ ಮನೆಗೆ ಶಿರಾ ಮಾಡಿ ಹಂಚಿದಳು. ಪಂಪ್ ಓಡುವುದು ಹಗಲಿನಲ್ಲಿ, ಹಗಲು ಮುರಗೆಪ್ಪನದು ಎಂಬುದು ಶಿರಾ ತಿನ್ನುವಾಗ ಯಾರಿಗೂ ಹೊಳೆಯಲಿಲ್ಲ. ಪಾಳಿ ಅಷ್ಟು ರೂಢಿಯಾಗಿತ್ತು. ಈಗ ಬಿಸಿಲು ಬಿಟ್ಟಿ ಸಿಗುತ್ತದೆಂದು ಪಂಪ್ ಬೆಳಗಿನಿಂದ ಸಂಜೆವರೆಗೆ ನೀರೆಳೆಯುತ್ತಿತ್ತು. ಮುರಗೆಪ್ಪನ ಬದುವಿನ ಹುಲ್ಲು ಕೂಡ ಹಸಿರಾಗಿತ್ತು. ಬಂದೇನವಾಜನ ದಾಳಿಂಬೆ ತೋಟದಲ್ಲಿ ಲಿಂಬೆ ಗಾತ್ರದ ಕಾಯಿ ಉದುರುತ್ತಿದ್ದವು. ಬೇಗ ನೀರು ಕಾಣದಿದ್ದರೆ ಈ ಸಲದ ಫಸಲೇ ಹೋಗುತ್ತಿತ್ತು.

ಅವನು ಎದ್ದು ಮುರಗೆಪ್ಪನ ಮನೆಗೆ ನಡೆದ. ಅಂಗಳದಲ್ಲಿ ಮುರಗೆಪ್ಪನ ಹೆಂಡತಿ ಶಿವಲಿಂಗವ್ವ ಜೋಳ ಹಸನು ಮಾಡುತ್ತಿದ್ದಳು. ಎರಡು ಮನೆಯವರೂ ಅಣ್ಣ-ತಮ್ಮ, ಅತ್ತಿಗೆ-ಮೈದುನ ಎಂದೇ ಕರೆದುಕೊಳ್ಳುತ್ತಿದ್ದರು.

“ಬಾ ಮೈದುನಾ, ಕುಂದ್ರು. ಮಾರಿ ಯಾಕ ಒಣಗೇತಿ?”

“ಮಾರಿ ಹಾಳಾಗಲ್ರಿ ವೈನಿ, ಬಾವಿ ಒಣಗೇತಿ.”

ಹೊರಸಿನ ಮೇಲಿದ್ದ ಮುರಗೆಪ್ಪ ನಕ್ಕ. “ರಾತ್ರಿ ಸೆಲಿ ಬಂದು ನೀರ ತುಂಬತೈತಿ ತಗೋ.”

“ತುಂಬೂದ್ರಾಗ ಬೆಳಗಾಗ್ತೈತಿ ಅಣ್ಣಾ. ಅಷ್ಟೊತ್ತಿಗೆ ನಿಮ್ಮ ಪಾಳಿ.”

“ನಿಮ್ಮಜ್ಜ ಜಗಳಾಡಿ ತಗೊಂಡ ರಾತ್ರಿ ಅದು. ನಮ್ಮಜ್ಜ ಸಾಯೂತನಕ ಅದನ್ನ ಹೇಳ್ಕೋತ ಅತ್ತ. ಈಗ ಮೊಮ್ಮಗಗ ಹಗಲ ಬೇಕೇನು?”

“ಆ ರಾತ್ರಿ ಇಟ್ಕೊಂಡ ನಾ ಏನ ಮಾಡ್ಲಿ? ಬೆಳದಿಂಗಳಿಗೆ ಪಂಪ್ ನಡಿಯಂಗಿಲ್ಲ.”

ಶಿವಲಿಂಗವ್ವ ನಕ್ಕಳು. ಮುರಗೆಪ್ಪ ನಗಲಿಲ್ಲ.

“ಹಿರ್ಯಾರು ನೀರ ಮುಟ್ಟಿ ಆಡಿದ ಮಾತ. ನಾ ಹೆಂಗ ಮುರೀಲಿ?”

“ಅವರು ನೀರ ಮುಟ್ಟಿದ್ರು,” ಎಂದಳು ಶಿವಲಿಂಗವ್ವ, ಮೊರದಿಂದ ತಲೆಯೆತ್ತದೆ. “ನೀವು ತಳಾನ ಮುಟ್ಟೀರಿ.”

ಬಂದೇನವಾಜ ಒತ್ತಾಯ ಮಾಡಲಿಲ್ಲ. ವಾದಿಸಲು ಅವನಿಗೆ ಬರುತ್ತಿರಲಿಲ್ಲವೆಂದಲ್ಲ. ಎಷ್ಟೋ ವರ್ಷ ನಿದ್ದೆಗೆಟ್ಟು ನೀರು ಹಾಯಿಸಿದ ಮೇಲೆ ಮಾತು ಹಚ್ಚುವುದೇ ಭಾರವೆನಿಸಿತ್ತು. ಚಹಾ ಬಂತು, ಕುಡಿದ. ಚಪ್ಪಲಿ ಮೆಟ್ಟುವಾಗ ಮುರಗೆಪ್ಪ ಕರೆದ.

“ಒಂದ ದಿನ ನಂದು, ಒಂದ ದಿನ ನಿಂದು. ಬೆಳಗಿಂದ ಸಂಜೀತನ. ನಾಳಿ ನಿಂದ.”

“ರಾತ್ರಿ?”

“ರಾತ್ರಿ ಇಬ್ರೂ ಮಲಗೂಣು.”

“ಕಡೀಗೆ ಒಂದ ಚಲೋ ಮಾತ ಬಂತವ್ವಾ ಇವರ ಬಾಯಾಗ,” ಎಂದಳು ಶಿವಲಿಂಗವ್ವ.

ಮರುದಿನ ಬಂದೇನವಾಜ ಹೊತ್ತು ಮೂಡುವ ಮೊದಲೇ ಬಾವಿಗೆ ಬಂದ. ಆಕಾಶದ ತುಂಬ ಮೋಡ. ಪಂಪ್ ಚಾಲೂ ಆಗುವುದು, ಕೆಮ್ಮಿದಂತೆ ಮಾಡಿ ನಿಲ್ಲುವುದು. ಮಧ್ಯಾಹ್ನ ಸ್ವಲ್ಪ ಹೊತ್ತು ಬಿಸಿಲು ಬಿದ್ದು ನೀರು ನೆಟ್ಟಗೆ ಬಂತು. ಕ್ಯಾನಿನಲ್ಲಿ ಉಳಿದಿದ್ದ ಡೀಸೆಲ್ ಸುರಿದು ಎಂಜಿನ್ನೂ ಓಡಿಸಿದ. ಎರಡೂ ಸೇರಿ ಸಂಜೆಗೆ ಅರ್ಧ ತೋಟ ನೆನೆಯಿತು. ಅದರ ಮರುದಿನ ಚೊಕ್ಕ ಬಿಸಿಲು, ಪಾಳಿ ಮುರಗೆಪ್ಪನದು. ಉಳಿದ ಅರ್ಧಕ್ಕೆ ಮೂರನೆಯ ದಿನ ನೀರು ಸಿಕ್ಕಿತು. ಅಷ್ಟರಲ್ಲಿ ಆ ಸಾಲುಗಳ ಕಾಯಿ ಸುಮಾರು ಉದುರಿದ್ದವು.