ಮುಚ್ಚಿರಬೇಕು

"'ಕೆಲಸದವಳ ಅಜಾಗರೂಕತೆಯಿಂದ' ಅಂತ ಹಾಕಮ್ಮ," ಎಂದರು ಅಪಘಾತದ ವರದಿ ಹೇಳಿ ಬರೆಸುತ್ತಿದ್ದ ಮ್ಯಾನೇಜರು. ಟೈಪಿಸ್ಟ್ ಹುಡುಗಿಯ ಬೆರಳುಗಳು ಕೀಲಿಗಳ ಮೇಲೆ ತಡೆದು ನಿಂತವು.

ಹೋಟೆಲುಗಳ ಹಾಸುಬಟ್ಟೆ ಒಗೆಯುವ ಆ ಲಾಂಡ್ರಿಗೆ ಸ್ಪೇನಿನ ಹೊಸ ಇಸ್ತ್ರಿ ಯಂತ್ರ ಬಂದು ತಿಂಗಳಾಗಿತ್ತು. ಸಂಜೆ ತರಗತಿಯಲ್ಲಿ ನಾಲ್ಕಕ್ಷರ ಸ್ಪ್ಯಾನಿಷ್ ಕಲಿತವಳೆಂದು, ಸೂಚನೆಗಳನ್ನು ನಮ್ಮ ಭಾಷೆಗೆ ತಿರುಗಿಸುವ ಕೆಲಸ ಅವಳ ತಲೆಗೆ ಬಿದ್ದಿತ್ತು. 'ಮುಚ್ಚಳ ಎತ್ತುವಾಗ ಕೆಳಗಿನ ವಾಲ್ವು ಮುಚ್ಚಿರಬೇಕು' ಎಂದು ಬರೆದು ಯಂತ್ರದ ಪಕ್ಕ ಅಂಟಿಸಿದ್ದಳು. ಮೊನ್ನೆ ಇಸ್ತ್ರಿ ಅಕ್ಕ, ಹನ್ನೊಂದು ವರ್ಷದಿಂದ ಆ ವಿಭಾಗ ನಡೆಸಿಕೊಂಡು ಬಂದವಳು, ಅದನ್ನು ಓದಿಕೊಂಡೇ ಮುಚ್ಚಳ ಎತ್ತಿದ್ದಳು. ವಾಲ್ವು ತೆರೆದೇ ಇತ್ತು. ಉಗಿ ಬುಸ್ಸೆಂದು ನುಗ್ಗಿ ಬಲಗೈ ಮೊಣಕೈವರೆಗೆ ಬೆಂದಿತ್ತು.

"ನೀನು ಬರೆದದ್ದು ಸರಿ ಇದೆ ತಾನೆ?" ಮ್ಯಾನೇಜರು ಕೇಳಿದರು.

"ಸರಿ ಇದೆ ಸಾರ್."

ಸರಿಯೇ ಇತ್ತು. ಸಂಜೆಯ ಮೇಷ್ಟ್ರು ಹೇಳಿಕೊಟ್ಟದ್ದು ಅವಳಿಗೆ ಬಾಯಿಪಾಠ: 'ದೇಬೆರ್ ಅನ್ನೋ ಕ್ರಿಯಾಪದ ಒಂದೇ. ಕೆಲಸ ಮಾಡಬೇಕು, ಸಾಲ ಕೊಡಬೇಕು, ಅವನು ಮನೇಲೇ ಇರಬೇಕು, ಮೂರಕ್ಕೂ ಅದೇ. ನಮ್ಮ ಕನ್ನಡದ ಬೇಕು ಇದ್ದ ಹಾಗೆ.' ಸೂಚನೆ ಬರೆಯುವಾಗಲೂ ಅದು ನೆನಪಾಗಿತ್ತು. ಮುಚ್ಚಿರಬೇಕು ಅಂದರೆ ಅಪ್ಪಣೆಯೂ ಹೌದು, ಊಹೆಯೂ ಹೌದು ಎಂದು ಮನಸ್ಸಿನಲ್ಲಿ ಮುಳ್ಳಿನಂತೆ ಚುಚ್ಚಿತ್ತು. ಆದರೆ ಬಸ್ಸಿಗೆ ಹೊತ್ತಾಗಿತ್ತು. ಇರಲಿ ಬಿಡು, ಅಂದುಕೊಂಡಿದ್ದಳು.

ವರದಿ ಟೈಪಾಯಿತು. ಸಹಿ ಹಾಕಿಸಿಕೊಂಡು ಬರಲು ಅವಳನ್ನೇ ಅಟ್ಟಿದರು.

ಅಕ್ಕ ತನ್ನ ಒಂದೇ ಕೋಣೆಯ ಮನೆಯಲ್ಲಿ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟು, ಎಡಗೈಯಲ್ಲಿ ಬೆಳ್ಳುಳ್ಳಿ ಸುಲಿಯಲು ಹೆಣಗುತ್ತಿದ್ದಳು.

"ಇದಕ್ಕೆ ಸಹಿ ಹಾಕಿದ್ರೆ ಏನಾಗತ್ತೆ?"

"ಇಸ್ತ್ರಿಯಿಂದ ನಿಮ್ಮನ್ನ ತೆಗೀತಾರೆ ಅಕ್ಕ."

"ನಂದೇ ತಪ್ಪಿರಬೇಕು ಬಿಡು. ಮುಚ್ಚಿರಬೇಕು ಅಂತ ನೀನು ಬರ್ದಿದ್ಯಲ್ಲ, ಹೊಸ ಮೆಷೀನು, ತಾನೇ ಮುಚ್ಕೊಂಡಿರತ್ತೇನೋ ಅಂದ್ಕೊಂಡೆ. ಓದಿದವಳು ಬರ್ದಿದ್ದು ಸುಳ್ಳಾಗತ್ತಾ? ಪೆನ್ನು ಕೊಡು. ಎಡಗೈ ಬರಹ, ಕಾಗೆ ಕಾಲು ಗುಬ್ಬಿ ಕಾಲು ಆಗತ್ತೆ, ನಗಬೇಡ."

ಹುಡುಗಿ ಪೆನ್ನು ಕೊಡಲಿಲ್ಲ. ಅಂಗೈಯಿಂದ ಕಣ್ಣೊರೆಸಿಕೊಂಡಳು.

"ಅಕ್ಕಾ, 'ಮೊದಲು ವಾಲ್ವು ಮುಚ್ಚಿ' ಅಂತ ಬರೀಬೇಕಿತ್ತು ನಾನು. ಯಾರಾದ್ರೂ ಹೀಗೆ ಓದ್ಕೋಬಹುದು ಅಂತ ಬರೆಯುವಾಗ್ಲೇ ಹೊಳೆದಿತ್ತು."

"ಆಗ್ಲೇ ಹೊಳೆದಿತ್ತಾ?"

"ಹೂಂ."

ಅಕ್ಕ ಸುಲಿಯುತ್ತಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟಳು. ಆಮೇಲೆ ಗೋಡೆಯ ಕಡೆ ತಿರುಗಿದಳು. "ನನ್ನ ಮುಂದೆ ಕಣ್ಣೀರು ಹಾಕಿದ್ರೆ ಸುಟ್ಟ ಚರ್ಮ ವಾಪಸ್ ಬರತ್ತೇನೇ? ಎಲ್ಲಿ ಹೇಳಬೇಕೋ ಅಲ್ಲಿ ಹೋಗಿ ಹೇಳು."

ಅವಳು ಹೋಗಿ ಹೇಳಿದಳು. ನಡುನಡುವೆ ತೊದಲಿದರೂ ಏನನ್ನೂ ಬಿಡಲಿಲ್ಲ. ಮ್ಯಾನೇಜರು ವರದಿಯನ್ನು ಹರಿದು ಬುಟ್ಟಿಗೆ ಹಾಕಿದರು.

"ಬರೆಯೋದರ ಮೇಲೆ ನಿಗಾ ಇಲ್ಲದವಳಿಗೆ ಆಫೀಸು ಕುರ್ಚಿ ಯಾಕೆ? ನಾಳೆಯಿಂದ ಬಟ್ಟೆ ಮಡಿಸೋ ಕಡೆ ನಿಂತ್ಕೋ."

ಮೂರು ವಾರದ ಮೇಲೆ ಅಕ್ಕ ಬಂದಳು. ಇಸ್ತ್ರಿಯ ಜಾಗ ಅವಳಿಗೇ ಉಳಿದಿತ್ತು. ಕೈ ಸ್ವಾಧೀನಕ್ಕೆ ಬರುವವರೆಗೆ ಮಡಿಸುವ ಮೇಜು. ಹುಡುಗಿಯ ಎದುರಿಗೇ ನಿಂತಳು. ಬಿಸಿ ಆರದ ಹಾಸುಬಟ್ಟೆಯ ಒಂದು ಮೂಲೆಯನ್ನು ಎಡಗೈಯಲ್ಲಿ ಹಿಡಿದು, ಇನ್ನೊಂದನ್ನು ಗಲ್ಲದಡಿ ಒತ್ತಿಕೊಂಡಳು. ಹುಡುಗಿ ಆಚೆಯ ಎರಡನ್ನು ಹಿಡಿದಳು. ಒಮ್ಮೆ ಕೊಡವಿ ಇಬ್ಬರೂ ಎದುರುಬದುರಾಗಿ ಹೆಜ್ಜೆ ಹಾಕಿದರು. ತುದಿಗಳು ಕೂಡಿದಾಗ ಅಕ್ಕ ಗಲ್ಲ ಸಡಿಲಿಸಿ, ತನ್ನ ಎರಡು ಮೂಲೆಗಳನ್ನೂ ಅವಳ ಕೈಗೆ ಬಿಟ್ಟು, ಕೆಳಗೆ ಜೋಲುತ್ತಿದ್ದ ಮಡಿಕೆಯನ್ನು ಎತ್ತಿಕೊಳ್ಳಲು ಬಗ್ಗಿದಳು.