ರಾಗಿ ವಾಡೆಗೆ ಇಳಿದ ಪುಸ್ತಕಗಳು

ಎಪ್ಪತ್ತೊಂಬತ್ತರ ಬೇಸಿಗೆ. ಬಿಳಿಚೋಡಿನ ಕೇರಿಯಲ್ಲಿ ಓಬಣ್ಣ ಹೆಂಚು ಹೊದಿಸಲೆಂದು ಮನೆಯ ಮಣ್ಣಿನ ಮಾಳಿಗೆ ಕೆಡವಿಸಿದ್ದ. ಅಷ್ಟರಲ್ಲಿ ಮೋಡ ಕವಿಯಿತು. ಕೇರಿಯವರು ಕೂಲಿ ದುಡ್ಡಿನಲ್ಲಿ ಉಳಿಸಿ ಖರೀದಿಸಿ, ಸಂಜೆ ಒಟ್ಟಿಗೆ ಕೂತು ಓದುತ್ತಿದ್ದ ಪುಸ್ತಕಗಳೆಲ್ಲ ಅವನ ಮನೆಯಲ್ಲಿದ್ದವು. ಅಕ್ಕಪಕ್ಕದ ಸೂರುಗಳು ಸೋರುವಂಥವು. ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡು ಮಳೆ ಮುಗಿಯುವವರೆಗೆ ಇಡಲು ಊರೊಳಗಿನ ಬಸವರಾಜಪ್ಪನವರ ಹೆಂಚಿನ ಮನೆಯ ಬಾಗಿಲಿಗೆ ಹೋದ.

"ಚೀಲ ಕಟ್ಟೆ ಮೇಲಿಟ್ಟು ದೂರ ಸರಿ. ಆಳು ಒಳಗೆ ತಗಂತಾನೆ," ಎಂದರು ಅವರು.

"ನಾನು ಕಾಲಿಡಬಾರದ ಮನೆಗೆ ನಮ್ಮ ಪುಸ್ತಕಾನೂ ಬರಲ್ಲ ಬಿಡ್ರಿ."

ಚೀಲ ಹೊತ್ತು ಹಿಂತಿರುಗುವಾಗ ಹನಿ ಬಿತ್ತು. ಅಂಗಳದಲ್ಲಿ ಅವ್ವ ಅಂಜಮ್ಮ, ಕಾಳು ತುಂಬಿಡುವ ಸುಟ್ಟ ಮಣ್ಣಿನ ದೊಡ್ಡ ವಾಡೆಯಲ್ಲಿದ್ದ ರಾಗಿಯನ್ನೆಲ್ಲ ಚೀಲಕ್ಕೆ ತೋಡುತ್ತಿದ್ದಳು.

"ಅವ್ರು ಹಂಗೇ ಅಂತಾರಂತ ಗೊತ್ತಿತ್ತು. ಇದ್ರಾಗೆ ಇಳಿಸು."

"ಅವ್ವಾ, ರಾಗಿ ನೆನೀತೈತೆ!"

"ನೆಂದ್ರೆ ಒಣಗಿಸಿ ಬೀಸ್ತೀನಿ. ಇವು ನೆಂದ್ರೆ ನೀನೇನು ಹಪ್ಪಳ ಮಾಡ್ತೀಯಾ?"

ಪುಸ್ತಕಗಳು ವಾಡೆಗಿಳಿದವು. ಅಂಜಮ್ಮ ಅದರ ಬಾಯಿಗೆ ದೊಡ್ಡ ಬೋಗುಣಿ ಕವುಚಿದಳು. ಮಳೆ ಜಡಿಯಿತು.

ಮಳೆ ನಿಂತದ್ದೇ ಓಬಣ್ಣ ಬೋಗುಣಿ ಸರಿಸಿ ಕೈಯಿಟ್ಟ. ಒಂದು ಹಾಳೆಯೂ ನೆನೆದಿರಲಿಲ್ಲ. ಅವನು ಕೆಸರಿನಲ್ಲೇ ಕುಕ್ಕರಿಸಿ ಗಟ್ಟಿಯಾಗಿ ನಕ್ಕುಬಿಟ್ಟ.

"ನಕ್ಕಿದ್ದು ಸಾಕು," ಎಂದಳು ಅಂಜಮ್ಮ, ತಾನೂ ನಗುತ್ತ. "ರಾಗಿ ಹರವಾಕೆ ಬಾ."